ಕಾಪಿರೈಟ್ ಸಾಲು ಇಲ್ಲದ ಸೈಟು, ತಪ್ಪು ಹೆಸರಿದ್ದ ಸಾಲು: ಒಂದು ಪ್ರಕರಣ

ಸೈಟಿನ ಕೆಳಗೆ ಕಾಪಿರೈಟ್ ಅಂತ ಹಾಕಲೇಬೇಕಾ? ಸಣ್ಣ ಸೈಟುಗಳನ್ನು ಕಟ್ಟಿಕೊಟ್ಟು ನೋಡಿಕೊಳ್ಳುವುದು ನನ್ನ ಕೆಲಸ, ಈ ಪ್ರಶ್ನೆ ಕೇಳದವರು ಕಡಿಮೆ. ಕಾನೂನಿನ ಪ್ರಕಾರ ಬೇಕಾಗಿಲ್ಲ. ಆದರೆ ಅಷ್ಟೇ ಹೇಳಿ ಕಳಿಸಿದರೆ ಕೇಳಿದವರಿಗೆ ಏನೂ ಪ್ರಯೋಜನವಿಲ್ಲ. ಆ ಸಾಲು ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ, ತಪ್ಪಾಗಿದ್ದರೆ ಏನಾಗುತ್ತದೆ, ಈ ಮೂರೂ ಒಂದೇ ಪ್ರಕರಣದಲ್ಲಿ ನೋಡಲು ಸಿಕ್ಕಿದ್ದರಿಂದ ಪೂರ್ತಿ ಬರೆದಿಡುತ್ತಿದ್ದೇನೆ.

ಸಂಬಂಧಪಟ್ಟ ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಸೈಟಿನ ವಿಳಾಸ ಯಾವುದೂ ಇಲ್ಲಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಏನಾದ ಮೇಲೆ ಏನಾಯಿತು ಎಂಬುದನ್ನು ಮಾತ್ರ ಬದಲಿಸಿಲ್ಲ.

ಹಿನ್ನೆಲೆ

ಹೊಲಿಗೆ ಯಂತ್ರದ ರಿಪೇರಿ ಕಲಿಸುವ ಸೈಟು ಅದು. ದಾರ ಯಾಕೆ ತುಂಡಾಗುತ್ತದೆ, ಹೊಲಿಗೆ ಯಾಕೆ ಬಿಟ್ಟುಬಿಟ್ಟು ಬೀಳುತ್ತದೆ, ಟೆನ್ಷನ್ ಸ್ಕ್ರೂ ಎಷ್ಟು ತಿರುಗಿಸಬೇಕು, ಇಂಥವು. ಬರೆಯುವವರು ಒಬ್ಬರು, ಅವರನ್ನು ಲೇಖಕಿ ಎನ್ನುತ್ತೇನೆ. ಚಿತ್ರ ಬಿಡಿಸಿಕೊಡುವವರು ಅವರ ಹಳೆಯ ಸ್ನೇಹಿತರು, ಅವರನ್ನು ಚಿತ್ರಕಾರರು ಎನ್ನುತ್ತೇನೆ. ಇಬ್ಬರ ನಡುವೆ ಹಣದ ವ್ಯವಹಾರ ಇಲ್ಲ. ಕರಾರು ಪತ್ರವಂತೂ ಇಲ್ಲವೇ ಇಲ್ಲ. ಒಬ್ಬರು ಬರೆದು ಕಳಿಸುತ್ತಿದ್ದರು, ಇನ್ನೊಬ್ಬರು ಬಿಡುವಾದಾಗ ಚಿತ್ರ ಮಾಡಿ ಕಳಿಸುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆದು ಸೈಟು ದೊಡ್ಡದಾಯಿತು.

ಮೊದಲ ಸೈಟನ್ನು ಲೇಖಕಿ ತಾವೇ ಒಂದು ಉಚಿತ ಥೀಮ್ (ಸಿದ್ಧ ವಿನ್ಯಾಸ) ಹಾಕಿ ಮಾಡಿಕೊಂಡಿದ್ದರು. ಆ ಥೀಮಿನ ಜೊತೆಗೇ ಫೂಟರಿನಲ್ಲಿ, ಅಂದರೆ ಪುಟದ ತೀರಾ ಕೆಳಗಿನ ಪಟ್ಟಿಯಲ್ಲಿ, © ಗುರುತು, ಒಂದು ಇಸವಿ, ಥೀಮ್ ಮಾಡಿದವರ ಹೆಸರು ಬಂದಿತ್ತು. ಅದನ್ನು ಯಾರೂ ತೆಗೆಯಲಿಲ್ಲ, ಯಾರೂ ಓದಿಯೂ ಇರಲಿಲ್ಲ. ಮುಂದೆ ಮೊಬೈಲಿಗೆ ಹೊಂದುವ ಹಾಗೆ ಸೈಟನ್ನು ಹೊಸದಾಗಿ ಮಾಡಿಸಿದಾಗ ಫೂಟರನ್ನು ಪೂರ್ತಿ ಖಾಲಿ ಬಿಟ್ಟರು. ನಾನು ಅವರ ಜೊತೆ ಸೇರಿದ್ದು ಇದಾದ ಮೇಲೆ.

ಸಮಸ್ಯೆ

ಒಬ್ಬ ಓದುಗರಿಂದ ಮೇಲ್ ಬಂತು. "ನಿಮ್ಮ ಸೈಟು ಹೊಸ ವಿಳಾಸಕ್ಕೆ ಹೋಗಿದೆಯಾ? ಅಲ್ಲಿ ಜಾಹೀರಾತು ಜಾಸ್ತಿ, ಓದೋಕೆ ಕಷ್ಟ." ಕೊಟ್ಟಿದ್ದ ಲಿಂಕ್ ತೆರೆದರೆ ಲೇಖಕಿಯ ಹತ್ತಾರು ಪುಟಗಳು ಸಾಲುಸಾಲಾಗಿ ಅಲ್ಲಿದ್ದವು. ಚಿತ್ರಗಳೂ ಇದ್ದವು. ಸೈಟಿನವರು ಬೇರೆ ದೇಶದವರು, ಬಿಡಿಭಾಗ ಮಾರುವ ಅಂಗಡಿಗಳ ಜಾಹೀರಾತು ಹಾಕಿಕೊಂಡಿದ್ದರು.

ಅವು ನಕಲು ಎಂಬುದಕ್ಕೆ ಒಂದು ವಿವರ ಸಾಕಿತ್ತು. ಹೊಲಿಗೆ ಯಂತ್ರದಲ್ಲಿ ಸೂಜಿ ತೀರಾ ಕೆಳಗೆ ಇಳಿದು ಮತ್ತೆ ಸ್ವಲ್ಪ ಮೇಲೇಳುವಾಗ ಶಟಲ್ ಹುಕ್ಕಿನ ತುದಿ ಬಂದು ದಾರದ ಕುಣಿಕೆ ಹಿಡಿಯಬೇಕು. ಆ ಏರಿಕೆ ಸಾಮಾನ್ಯವಾಗಿ 2ರಿಂದ 2.5 ಮಿಲಿಮೀಟರ್. ಲೇಖಕಿ ಈ ಪುಟ ಬರೆದಾಗ ಚುಕ್ಕೆ ಬಿಟ್ಟುಹೋಗಿ 25 ಮಿಲಿಮೀಟರ್ ಎಂದಾಗಿತ್ತು. ಓದುಗರೊಬ್ಬರು ಹೇಳಿದ ಮೇಲೆ ತಮ್ಮ ಸೈಟಿನಲ್ಲಿ ತಿದ್ದಿದ್ದರು. ನಕಲು ಸೈಟಿನಲ್ಲಿ ಇನ್ನೂ 25 ಎಂದೇ ಇತ್ತು! ಯಂತ್ರ ಬಿಚ್ಚಿ ನೋಡಿದವರು ಯಾರೂ ಆ ಸಂಖ್ಯೆಯನ್ನು ಹಾಗೇ ಬಿಡುವುದಿಲ್ಲ.

ಲೇಖಕಿಗೆ ಜಾಹೀರಾತಿನ ದುಡ್ಡಿಗಿಂತ ಇದೇ ಜಾಸ್ತಿ ನೋವು ಕೊಟ್ಟಿತು. ತಮ್ಮ ತಪ್ಪನ್ನು ತಾವು ತಿದ್ದಿಕೊಂಡಿದ್ದಾರೆ, ಆದರೆ ಅದೇ ತಪ್ಪು ಬೇರೆ ಕಡೆ ಹಾಗೇ ಕೂತಿದೆ, ಅದನ್ನು ಓದಿ ಯಾರೋ ತಮ್ಮ ಯಂತ್ರ ಕೆಡಿಸಿಕೊಳ್ಳುತ್ತಿರಬಹುದು, ಸರಿಯಾದ ಪುಟಕ್ಕೆ ಬರಲು ಅವರಿಗೆ ಒಂದು ಲಿಂಕ್ ಕೂಡ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಲೈಸೆನ್ಸ್ ಆರಿಸುವಾಗ ಇದೇ ಕೆಲಸಕ್ಕೆ ಬಂತು.

ಮೊದಲ ತೀರ್ಮಾನ: ಏನನ್ನೂ ಮುಟ್ಟಬಾರದು

ಮನೆಯವರು, ಗೆಳೆಯರು ಎಲ್ಲರೂ ಹೇಳಿದ್ದು ಒಂದೇ. ತಕ್ಷಣ ಫೂಟರಿನಲ್ಲಿ © ಹಾಕಿ, ಸೈಟು ಶುರುವಾದ ಇಸವಿ ಹಾಕಿ, ಆಮೇಲೆ ಅವರಿಗೆ ಬರೆಯಿರಿ. ನಾನು ಬೇಡ ಎಂದೆ. ಜಗಳ ಶುರುವಾಗುವ ಹೊತ್ತಿಗೆ ಸೈಟು ಹೇಗಿತ್ತೋ ಹಾಗೇ ಇರಬೇಕು. ಇವತ್ತು ಹಾಕಿದ ಸಾಲು ಮೊದಲಿನಿಂದಲೂ ಇತ್ತು ಎಂಬ ಹಾಗೆ ಕಂಡರೆ, ನಾಳೆ ವೆಬ್ ಪುಟಗಳ ಹಳೆಯ ರೂಪ ಉಳಿಸಿಡುವ ಆರ್ಕೈವ್ ತೆಗೆದು ನೋಡಿದವರಿಗೆ ನಮ್ಮ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ.

ಅದರ ಬದಲು ಸಾಕ್ಷಿ ಕೂಡಿಟ್ಟೆವು. ಎರಡೂ ಸೈಟಿನ ಪುಟಗಳನ್ನು ದಿನಾಂಕ, ವಿಳಾಸ ಕಾಣುವ ಹಾಗೆ ಉಳಿಸಿಕೊಂಡೆವು. ನಕಲು ಪುಟಗಳನ್ನು ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷೀನಿಗೂ ಸೇರಿಸಿದೆವು. ಲೇಖಕಿಯ ಹಳೆಯ ಪುಟಗಳು ಅಲ್ಲಿ ಮೊದಲೇ ಇದ್ದವು. 25 ಮಿಲಿಮೀಟರ್ ಎಂಬ ತಪ್ಪು ಇರುವ ಹಳೆಯ ಪುಟವೂ ಸಿಕ್ಕಿತು, ಅದರ ದಿನಾಂಕ ನಕಲು ಸೈಟಿನ ಡೊಮೇನ್ ನೋಂದಣಿಗಿಂತ ಹಿಂದಿನದು. ಡೊಮೇನ್ ಯಾವಾಗ ನೋಂದಣಿ ಆಯಿತು ಎಂಬುದನ್ನು ಯಾರು ಬೇಕಾದರೂ ನೋಡಬಹುದು, ಅದನ್ನೂ ಉಳಿಸಿಕೊಂಡೆವು. ಚಿತ್ರಕಾರರು ತಮ್ಮ ಮೂಲ ಫೈಲುಗಳು, ಪೆನ್ಸಿಲ್ ಕರಡುಗಳು, ಕಳಿಸಿದ್ದ ಹಳೆಯ ಮೇಲ್‌ಗಳು ಎಲ್ಲವನ್ನೂ ಹುಡುಕಿ ಕೊಟ್ಟರು.

ಪತ್ರ, ಮತ್ತು ಬಂದ ಉತ್ತರ

ಮೊದಲ ಮೇಲ್ ಮೆತ್ತಗೇ ಇತ್ತು. ಇವು ನಮ್ಮ ಪುಟಗಳು, ದಯವಿಟ್ಟು ತೆಗೆಯಿರಿ, ಇವು ವಿಳಾಸಗಳು, ಅಷ್ಟೇ. ಉತ್ತರ ಬೇಗ ಬಂತು: "ನಿಮ್ಮ ಸೈಟಿನಲ್ಲಿ ಕಾಪಿರೈಟ್ ನೋಟಿಸ್ ಎಲ್ಲೂ ಇಲ್ಲ. ಇಲ್ಲದ್ದರಿಂದ ಎಲ್ಲರೂ ಬಳಸಬಹುದು ಎಂದುಕೊಂಡೆವು. ಅಲ್ಲದೆ ಯಂತ್ರ ರಿಪೇರಿ ಯಾರ ಸ್ವತ್ತೂ ಅಲ್ಲ."

ಅವರು ನೋಟಿಸ್ ಎಂದದ್ದು ಫೂಟರಿನ ಆ © ಸಾಲಿಗೆ. ಈ ಉತ್ತರದಲ್ಲಿ ಎರಡು ವಾದ ಇವೆ. ಎರಡನೆಯದರಲ್ಲಿ ಅರ್ಧ ಸತ್ಯವಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ರಿಪೇರಿ ಮಾಡುವ ವಿಧಾನ, ಅಳತೆ, ಕ್ರಮ ಇವಕ್ಕೆ ಕಾಪಿರೈಟ್ ಇಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 9ನೇ ವಿಧಿಯಲ್ಲೇ ಇದೆ: ರಕ್ಷಣೆ ಅಭಿವ್ಯಕ್ತಿಗೆ, ಆಲೋಚನೆಗೆ ಅಥವಾ ಕೆಲಸದ ವಿಧಾನಕ್ಕೆ ಅಲ್ಲ. ಲೇಖಕಿಯ ಪುಟ ಓದಿ, ಕಲಿತು, ತಮ್ಮದೇ ಮಾತಲ್ಲಿ, ತಮ್ಮದೇ ಚಿತ್ರ ಹಾಕಿ ಬರೆದಿದ್ದರೆ ನಾವು ಬಾಯಿ ಬಿಡುವ ಹಾಗಿರಲಿಲ್ಲ. ಅವರು ಎತ್ತಿದ್ದು ಮಾತುಗಳನ್ನೇ, ಚಿತ್ರಗಳನ್ನೇ.

ಮೊದಲ ವಾದ ಸುಳ್ಳು. ಆದರೆ ಅದು ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಬೇಕು, ಯಾಕೆಂದರೆ ಅದನ್ನು ನಂಬುವವರು ಬಹಳ ಜನ ಇದ್ದಾರೆ. ಅಮೆರಿಕದಲ್ಲಿ ಒಂದು ಕಾಲದಲ್ಲಿ ಅದು ನಿಜವೇ ಆಗಿತ್ತು. 1909ರ ಕಾಯಿದೆ ಇದ್ದಷ್ಟು ಕಾಲ ನೋಟಿಸ್ ಇಲ್ಲದೆ ಪ್ರಕಟಿಸಿದರೆ ಹಕ್ಕು ಹೋಯಿತು ಎಂದೇ ಅರ್ಥ. 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಸಿನಿಮಾದ ಕಥೆ ಹಾಗೇ ಆದದ್ದು: ಬಿಡುಗಡೆಗೆ ಮೊದಲು ಹೆಸರು ಬದಲಿಸಿ ಹೊಸ ಶೀರ್ಷಿಕೆ ಹಾಕುವಾಗ ಕಾಪಿರೈಟ್ ಸಾಲು ಬಿಟ್ಟುಹೋಯಿತು, ಸಿನಿಮಾ ಸಾರ್ವಜನಿಕರ ಪಾಲಾಯಿತು. 1978ರಿಂದ ನಿಯಮ ಸ್ವಲ್ಪ ಸಡಿಲವಾಯಿತು, ಬಿಟ್ಟುಹೋದದ್ದನ್ನು ಐದು ವರ್ಷದೊಳಗೆ ಸರಿಪಡಿಸಿಕೊಳ್ಳಬಹುದಿತ್ತು. 1989ರ ಮಾರ್ಚ್ 1ರಂದು ಅಮೆರಿಕ ಕಾಪಿರೈಟ್ ಬಗೆಗಿನ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸೇರಿತು, ಆವತ್ತಿನಿಂದ ಪ್ರಕಟವಾದ ಯಾವುದಕ್ಕೂ ನೋಟಿಸ್ ಕಡ್ಡಾಯವಲ್ಲ. ವೆಬ್‌ಸೈಟುಗಳೆಲ್ಲ ಹುಟ್ಟಿದ್ದೇ ಅದರ ನಂತರ!

ಬರ್ನ್ ಒಪ್ಪಂದ 1886ರದ್ದು. ಹಕ್ಕು ಪಡೆಯಲು ಯಾವ ವಿಧಿವಿಧಾನವೂ ಬೇಡ ಎಂಬ ಮಾತು ಅದರಲ್ಲಿ ಸೇರಿದ್ದು 1908ರ ಬರ್ಲಿನ್ ಪರಿಷ್ಕರಣೆಯಲ್ಲಿ. ಈಗ ಅದು 5ನೇ ವಿಧಿಯಲ್ಲಿದೆ, 180ಕ್ಕೂ ಹೆಚ್ಚು ದೇಶಗಳು ಅದಕ್ಕೆ ಒಪ್ಪಿವೆ. ಭಾರತ 1928ರಲ್ಲೇ ಸೇರಿತ್ತು. ಮಧ್ಯದಲ್ಲಿ, 1952ರಲ್ಲಿ, ಇನ್ನೊಂದು ಅಂತರರಾಷ್ಟ್ರೀಯ ಒಪ್ಪಂದ ಆಯಿತು. © ಗುರುತು, ಹಕ್ಕುದಾರರ ಹೆಸರು, ಮೊದಲು ಪ್ರಕಟವಾದ ವರ್ಷ, ಈ ಮೂರು ಇದ್ದರೆ ನೋಂದಣಿ, ವಿಧಿವಿಧಾನ ಕೇಳುವ ದೇಶದಲ್ಲೂ ರಕ್ಷಣೆ ಎಂದು ಅದು ಹೇಳಿತು. ಇವತ್ತು ಫೂಟರುಗಳಲ್ಲಿ ಕಾಣುವ ಸಾಲಿನ ಆಕಾರ ಅಲ್ಲಿಂದಲೇ ಬಂದದ್ದು. ಕೊನೆಗೆ ಬರುವ 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಎಂಬುದು 1910ರ ಬ್ಯೂನಸ್ ಐರಿಸ್ ಒಪ್ಪಂದದ ಬಾಕಿ. ಆ ಒಪ್ಪಂದದ ದೇಶಗಳೆಲ್ಲ ಬರ್ನ್‌ಗೆ ಸೇರಿ ಎಷ್ಟೋ ವರ್ಷವಾಯಿತು, ಸಾಲು ಮಾತ್ರ ಉಳಿದುಕೊಂಡಿದೆ.

ಇಷ್ಟನ್ನೂ ಅವರಿಗೆ ಬರೆಯಲಿಲ್ಲ. ಬರ್ನ್ ಒಪ್ಪಂದದ ವಿಧಿ, 1989ರ ದಿನಾಂಕ, ಎರಡೇ ಸಾಲು ಬರೆದೆವು. ಆರ್ಕೈವಿನ ಲಿಂಕ್‌ಗಳನ್ನೂ ಹಾಕಿದೆವು.

ಎರಡನೆಯ ಉತ್ತರ, ಮತ್ತು ನಾವು ಎಣಿಸದ ಪೆಟ್ಟು

ನಾವು ಕೊಟ್ಟ ಆರ್ಕೈವ್ ಲಿಂಕನ್ನೇ ಅವರು ಹಿಡಿದುಕೊಂಡರು. "ನಿಮ್ಮ ಹಳೆಯ ಪುಟದ ಕೆಳಗೆ ಕಾಪಿರೈಟ್ ಬೇರೆಯವರದ್ದು ಎಂದಿದೆ. ನೀವು ಯಾರು?"

ಥೀಮ್ ಮಾಡಿದವರ ಹೆಸರು! ಇಷ್ಟು ವರ್ಷ ಯಾರೂ ಓದದ ಸಾಲನ್ನು ಕೊನೆಗೆ ಓದಿದವರು ಎದುರಾಳಿಗಳು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಈ ಜಾಗ. ನೋಟಿಸ್ ಇಲ್ಲ ಎಂಬ ವಾದಕ್ಕೆ ಎರಡು ಸಾಲಿನ ಉತ್ತರ ಸಾಕಾಗಿತ್ತು. ತಪ್ಪು ನೋಟಿಸಿಗೆ ಉತ್ತರ ಕೊಡಲು ಕಾಗದ ಪತ್ರ ಎಲ್ಲ ತೆಗೆದು ಕೂರಬೇಕಾಯಿತು. ಪುಟದ ಮೇಲೆ ಇರುವ ಹೆಸರಿಗೆ ಕಾನೂನಿನಲ್ಲಿ ತೂಕ ಇದೆ. ಉದಾಹರಣೆಗೆ ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯ 55ನೇ ಕಲಮು ನೋಡಿ, ಪ್ರಕಟವಾದ ಪ್ರತಿಯ ಮೇಲೆ ಕರ್ತೃ ಎಂದು ಯಾರ ಹೆಸರು ಕಾಣುತ್ತದೋ ಅವರನ್ನೇ ಕರ್ತೃ ಎಂದು ಭಾವಿಸಬೇಕು, ಅಲ್ಲ ಎನ್ನುವವರು ಸಾಬೀತು ಮಾಡಬೇಕು. ಫೂಟರಿನ ಥೀಮ್ ಹೆಸರು ಪುಟದ ಕರ್ತೃವಿನ ಹೆಸರಲ್ಲ, ಅದು ವಿನ್ಯಾಸಕ್ಕೆ ಸೇರಿದ್ದು ಎಂದು ವಿವರಿಸಬಹುದು, ವಿವರಿಸಿದೆವು ಕೂಡ. ಆದರೆ ಲೇಖಕಿಯ ಹೆಸರು ಆ ಹಳೆಯ ಪುಟಗಳಲ್ಲಿ ಎಲ್ಲೂ ಇರಲಿಲ್ಲ, 'ನಮ್ಮ ಬಗ್ಗೆ' ಪುಟದಲ್ಲಿ ಬಿಟ್ಟರೆ. ಪ್ರತಿ ಲೇಖನದ ತಲೆಯಲ್ಲಿ ಹೆಸರೊಂದು ಇದ್ದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಚಿತ್ರಗಳಿಂದ. ಚಿತ್ರಕಾರರು ಪ್ರತಿ ಚಿತ್ರದ ಬಲಗಡೆ ಕೆಳಮೂಲೆಯಲ್ಲಿ ತಮ್ಮ ಪುಟ್ಟ ಸಹಿ ಹಾಕುತ್ತಿದ್ದರು, ಎರಡು ಅಕ್ಷರ, ಕೊನೆಯ ಅಕ್ಷರದಿಂದ ಮೇಲಕ್ಕೆ ಸುತ್ತಿ ಹೋಗುವ ಒಂದು ಗೆರೆ. ನಕಲು ಸೈಟಿನಲ್ಲಿ ಎಲ್ಲ ಚಿತ್ರಗಳ ಕೆಳಭಾಗ ಕತ್ತರಿಸಿತ್ತು. ಪಕ್ಕಪಕ್ಕ ಇಟ್ಟು ನೋಡುವವರೆಗೆ ಅದು ನಮ್ಮ ಕಣ್ಣಿಗೂ ಬಿದ್ದಿರಲಿಲ್ಲ. ಶಟಲ್ ಹುಕ್ಕಿನ ಚಿತ್ರದಲ್ಲಿ ಮಾತ್ರ ಆ ಗೆರೆ ಹುಕ್ಕಿನ ಅಡಿಗೇ ತಾಗಿಕೊಂಡಿತ್ತು. ಅದನ್ನು ಕತ್ತರಿಸಿದರೆ ಹುಕ್ಕೂ ತುಂಡಾಗುತ್ತಿತ್ತು, ಹಾಗಾಗಿ ಗೆರೆಯ ಬಾಲ ಉಳಿದುಬಿಟ್ಟಿತ್ತು. ಅಕ್ಷರ ಇಲ್ಲ, ಬಾಲ ಮಾತ್ರ ಇದೆ.

'ನೋಟಿಸ್ ಕಾಣಲಿಲ್ಲ, ಗೊತ್ತಿರಲಿಲ್ಲ' ಎಂದವರು ಒಂದೊಂದೇ ಚಿತ್ರದಿಂದ ಸಹಿ ಕತ್ತರಿಸಿದ್ದಾರೆ ಅಂದಮೇಲೆ ಗೊತ್ತಿತ್ತು ಅಂತಲೇ ಅಲ್ವಾ? ಹೀಗೆ ಹಕ್ಕುದಾರರ ಗುರುತು ಅಳಿಸುವುದು ಬೇರೆಯದೇ ತಪ್ಪು. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಾದ ವೈಪೋದ 1996ರ ಕಾಪಿರೈಟ್ ಒಪ್ಪಂದದ 12ನೇ ವಿಧಿ ಇದರ ಬಗ್ಗೆಯೇ ಇದೆ. ಅಮೆರಿಕದ ಕಾನೂನಿನಲ್ಲಿ 1202ನೇ ಕಲಮು, ಭಾರತದ ಕಾಯಿದೆಯಲ್ಲಿ 2012ರ ತಿದ್ದುಪಡಿಯಿಂದ ಬಂದ 65ಬಿ, ಎರಡೂ ಇದನ್ನೇ ಹೇಳುತ್ತವೆ. ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು ಕಳಿಸಿದೆವು. ಮಾತು ಜಾಸ್ತಿ ಬರೆಯಲಿಲ್ಲ.

ಮಾರುತ್ತರ ಬರಲಿಲ್ಲ. ಆದರೆ ಲೇಖನಗಳು ಒಂದೊಂದಾಗಿ ಮಾಯವಾದವು. ಚಿತ್ರಗಳು ಉಳಿದವು, ಹೊಸ ಪಠ್ಯದ ನಡುವೆ.

ಚಿತ್ರಗಳು ಯಾರವು?

ಮುಂದಿನ ಹೆಜ್ಜೆ, ನಕಲು ಸೈಟಿಗೆ ಸರ್ವರಿನಲ್ಲಿ ಜಾಗ ಕೊಟ್ಟಿದ್ದ ಹೋಸ್ಟಿಂಗ್ ಕಂಪನಿಗೆ ದೂರು. ಅವರು ಅಮೆರಿಕದವರು, ಹಾಗಾಗಿ ಇಂಟರ್ನೆಟ್ಟಿನ ಕಾಪಿರೈಟ್ ಬಗೆಗಿನ ಅಲ್ಲಿನ 1998ರ ಡಿಎಂಸಿಎ ಕಾಯಿದೆಯ ಪ್ರಕಾರ ತೆಗೆಸುವ ನೋಟಿಸ್ ಕಳಿಸಬೇಕು. ಅದರಲ್ಲಿ ಒಂದು ಘೋಷಣೆ ಇದೆ: ನಾನು ಹಕ್ಕುದಾರ, ಅಥವಾ ಹಕ್ಕುದಾರರ ಪರವಾಗಿ ಮಾತಾಡಲು ನನಗೆ ಅಧಿಕಾರವಿದೆ. ಇದನ್ನು ಸುಳ್ಳು ಹೇಳಿದರೆ ಸುಳ್ಳುಸಾಕ್ಷಿಯ ಶಿಕ್ಷೆಗೆ ಒಪ್ಪಿಕೊಂಡ ಹಾಗೆ.

ಲೇಖಕಿ ಸಹಿ ಹಾಕಲು ಪೆನ್ನು ತೆಗೆದಿದ್ದರು. ಆಗ ನಾನು ಕೇಳಿದೆ, ಚಿತ್ರಗಳು ನಿಮ್ಮವಾ? ಅವರಿಗೆ ಆಶ್ಚರ್ಯವಾಯಿತು. ಸೈಟು ನನ್ನದು, ನನಗೋಸ್ಕರ ಮಾಡಿಕೊಟ್ಟದ್ದು, ಇಷ್ಟು ವರ್ಷ ನನ್ನ ಸೈಟಿನಲ್ಲೇ ಇದೆ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಚಿತ್ರ ಬರೆದವರು ನೌಕರರಲ್ಲ. ಹಕ್ಕು ಕೊಟ್ಟಿದ್ದೇನೆ ಎಂದು ಅವರು ಬರೆದು ಸಹಿ ಮಾಡಿಲ್ಲ. ಬರಹದಲ್ಲಿ ಇಲ್ಲದಿದ್ದರೆ ಹಕ್ಕು ಕೈ ಬದಲಾಗುವುದಿಲ್ಲ, ಅಮೆರಿಕದಲ್ಲೂ ಹಾಗೇ, ಭಾರತದ ಕಾಯಿದೆಯ 19ನೇ ಕಲಮಿನಲ್ಲೂ ಹಾಗೇ. ಸೈಟಿನಲ್ಲಿ ಹಾಕಿಕೊಳ್ಳಲು ಲೇಖಕಿಗೆ ಅನುಮತಿ ಇತ್ತು, ಅಷ್ಟೇ.

ಅಂದರೆ ಎಲ್ಲರೂ ಒತ್ತಾಯ ಮಾಡಿದ ಹಾಗೆ ಮೊದಲ ದಿನವೇ ಲೇಖಕಿಯ ಹೆಸರಲ್ಲಿ ಇಡೀ ಸೈಟಿಗೆ © ಹಾಕಿದ್ದರೆ ಅದೂ ತಪ್ಪು ಹೆಸರಿನ ನೋಟಿಸೇ ಆಗುತ್ತಿತ್ತು.

ಚಿತ್ರಕಾರರಿಗೆ ಫೋನ್ ಮಾಡಿ ವಿಷಯ ಹೇಳಿದಾಗ ಅವರು ನಕ್ಕು, "ನನ್ನ ಹೆಸರಲ್ಲೇ ಕಳಿಸೋಣ, ಅದಕ್ಕೇನಂತೆ" ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ವಿಷಯ ಹೇಳಿದರು. ಬಾಬಿನ್ ಕೇಸಿನ (ಕೆಳದಾರದ ಉರುಳೆ ಕೂರುವ ಡಬ್ಬಿಯ) ಒಂದು ಚಿತ್ರ ಅವರು ಸ್ವಂತ ಬರೆದದ್ದಲ್ಲ. ಯಂತ್ರದ ಜೊತೆ ಬರುವ ಕೈಪಿಡಿಯ ಚಿತ್ರದ ಮೇಲೆ ತೆಳು ಕಾಗದ ಇಟ್ಟು ಗೆರೆ ಎಳೆದು ಮಾಡಿದ್ದು. ಹೇಳದೆ ಇದ್ದಿದ್ದರೆ ನಮಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಚಿತ್ರವನ್ನು ದೂರಿನಿಂದ ಬಿಟ್ಟೆವು, ಸೈಟಿನಿಂದಲೂ ತೆಗೆದೆವು. ಅವರು ಬಾಬಿನ್ ಕೇಸನ್ನು ಮೇಜಿನ ಮೇಲಿಟ್ಟುಕೊಂಡು ಹೊಸದಾಗಿ ಬರೆದುಕೊಟ್ಟರು. ನನ್ನ ಮಟ್ಟಿಗೆ, ಈ ಪ್ರಕರಣದಲ್ಲಿ ಯಾರಾದರೂ ದೊಡ್ಡತನ ತೋರಿಸಿದ್ದರೆ ಅದು ಅವರು.

ದೂರು ಹೋಯಿತು, ಹೋಸ್ಟಿಂಗ್ ಕಂಪನಿ ಚಿತ್ರಗಳನ್ನು ತೆಗೆಯಿತು. ಎದುರಿನವರು ಈ ದೂರು ತಪ್ಪು ಎಂದು ಪ್ರತಿನೋಟಿಸ್ ಕೊಡಬಹುದಿತ್ತು. ಕೊಟ್ಟಿದ್ದರೆ, ನಾವು ಕೋರ್ಟಿಗೆ ಹೋಗದಿದ್ದ ಪಕ್ಷದಲ್ಲಿ, 10ರಿಂದ 14 ಕೆಲಸದ ದಿನದೊಳಗೆ ಚಿತ್ರಗಳು ಮತ್ತೆ ಬರುತ್ತಿದ್ದವು. ಅವರು ಕೊಡಲಿಲ್ಲ. ಭಾರತದ ನಿಯಮ ಇದಕ್ಕಿಂತ ಸ್ವಲ್ಪ ಬೇರೆ: ಲಿಖಿತ ದೂರು ಬಂದ ಮೇಲೆ 36 ಗಂಟೆಯೊಳಗೆ ಆ ಪುಟ ಸಿಗದ ಹಾಗೆ ಮಾಡಬೇಕು, 21 ದಿನದಲ್ಲಿ ಕೋರ್ಟಿನ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು.

ಕೋರ್ಟಿಗೆ ಯಾಕೆ ಹೋಗಲಿಲ್ಲ ಅಂತ ಕೇಳುವವರಿದ್ದಾರೆ. ಒಬ್ಬ ವಕೀಲರನ್ನು ಕೇಳಿದೆವು. ಅಮೆರಿಕದಲ್ಲಿ ನಿಗದಿತ ಪರಿಹಾರ (ನಷ್ಟ ಇಷ್ಟು ಎಂದು ತೋರಿಸದೆಯೂ ಕಾನೂನು ಕೊಡಿಸುವ ಹಣ) ಸಿಗಬೇಕಾದರೆ ಕೃತಿಯನ್ನು ಸಾಮಾನ್ಯವಾಗಿ ಉಲ್ಲಂಘನೆಗೆ ಮೊದಲೇ ಅಲ್ಲಿ ನೋಂದಾಯಿಸಿರಬೇಕು. ನೋಂದಾಯಿಸಿರಲಿಲ್ಲ. ನಿಜವಾದ ನಷ್ಟ ಇಷ್ಟು ಎಂದು ತೋರಿಸುವುದೂ ಕಷ್ಟ, ಸೈಟಿನಿಂದ ಲೇಖಕಿಗೆ ಆದಾಯವೇ ಇರಲಿಲ್ಲ. ಅವರಿಗೆ ಬೇಕಿದ್ದದ್ದು 25 ಮಿಲಿಮೀಟರ್ ಹೋಗುವುದು, ಅದು ಹೋಗಿತ್ತು.

ಹಾಗಾದರೆ ಆ ಸಾಲಿನಿಂದ ಏನು ಲಾಭ?

ಇದನ್ನು ವಕೀಲರು ಚೆನ್ನಾಗಿ ಬಿಡಿಸಿ ಹೇಳಿದರು. ಸಾಲು ಹಾಕಿದ್ದರಿಂದ ಹಕ್ಕು ಹುಟ್ಟುವುದಿಲ್ಲ. ಆದರೆ ಸರಿಯಾದ ಸಾಲಿದ್ದರೆ 'ಗೊತ್ತಿರಲಿಲ್ಲ' ಎಂಬ ನೆಪಕ್ಕೆ ಜಾಗ ಕಡಿಮೆ. ಅಮೆರಿಕದ ಕಾನೂನಿನ 401ನೇ ಕಲಮಿನ ಪ್ರಕಾರ, ಪ್ರತಿವಾದಿಗೆ ಸಿಕ್ಕಿದ ಪ್ರತಿಯಲ್ಲಿ ನೋಟಿಸ್ ಇದ್ದರೆ, ಅರಿವಿಲ್ಲದೆ ಮಾಡಿದೆ ಎಂದು ಹೇಳಿ ಪರಿಹಾರ ಕಡಿಮೆ ಮಾಡಿಸಿಕೊಳ್ಳುವ ವಾದಕ್ಕೆ ಬೆಲೆ ಇಲ್ಲ. ಭಾರತದಲ್ಲೂ, ಹಕ್ಕು ಇದೆ ಎಂದು ತನಗೆ ಗೊತ್ತಿರಲಿಲ್ಲ, ಹಾಗೆ ನಂಬಲು ಕಾರಣವೂ ಇರಲಿಲ್ಲ ಎಂದು ಪ್ರತಿವಾದಿ ಸಾಬೀತು ಮಾಡಿದರೆ ತಡೆಯಾಜ್ಞೆ ಮತ್ತು ಲಾಭದ ಪಾಲು ಬಿಟ್ಟು ಬೇರೆ ಪರಿಹಾರ ಸಿಗುವುದಿಲ್ಲ. ಪುಟದ ಕೆಳಗೆ ಕಣ್ಣಿಗೆ ಕಾಣುವ ಹಾಗೆ ಸಾಲಿದ್ದರೆ ಹಾಗೆ ಸಾಬೀತು ಮಾಡುವುದು ಕಷ್ಟ.

ಇದಷ್ಟೂ ಕಳ್ಳರ ವಿಷಯ. ನಮಗೆ ಗೊತ್ತೇ ಇಲ್ಲದ ಇನ್ನೊಂದು ನಷ್ಟ ಈ ನಡುವೆ ಹೊರಬಿತ್ತು. ಹೊಲಿಗೆ ಕಲಿಸುವ ಒಂದು ಸ್ವಯಂಸೇವಕರ ಗುಂಪು ಲೇಖಕಿಗೆ ಬರೆದಿತ್ತು: ನಿಮ್ಮ ಪುಟಗಳನ್ನು ಅನುವಾದ ಮಾಡಿ ನಮ್ಮ ಕಲಿಯುವವರಿಗೆ ಕೊಡಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಯಾರನ್ನು ಕೇಳಬೇಕು ಗೊತ್ತಾಗಲಿಲ್ಲ, ಬಳಸಬಹುದೋ ಇಲ್ಲವೋ ಎಲ್ಲೂ ಬರೆದಿರಲಿಲ್ಲ, ಕೇಳದೆ ತಗೊಳ್ಳೋದು ಸರಿಯಲ್ಲ ಅಂತ ಸುಮ್ನೆ ಬಿಟ್ಟಿದ್ದೆವು. ಮೇಲ್ ವಿಳಾಸ ಅವರಿಗೆ ಸಿಕ್ಕಿದ್ದು ಪರಿಚಯದವರಿಂದ.

ಖಾಲಿ ಫೂಟರ್ ನಕಲು ಮಾಡುವವರನ್ನು ತಡೆಯಲಿಲ್ಲ. ತಡೆದದ್ದು ಇವರನ್ನು. ಕಾನೂನು ಗೊತ್ತಿದ್ದವರು, ನೋಟಿಸ್ ಇಲ್ಲದಿದ್ದರೂ ಹಕ್ಕು ಇದೆ ಎಂದು ಗೌರವಿಸಿದವರು, ಅಂಥವರೇ ವಾಪಸ್ ಹೋದರು. ಲೇಖಕಿ ಈ ಮೇಲ್ ಓದಿ ಎಷ್ಟು ಬೇಜಾರು ಮಾಡಿಕೊಂಡರೆಂದರೆ, ನಕಲು ಸೈಟು ನೋಡಿದಾಗಲೂ ಅಷ್ಟು ಮಾಡಿಕೊಂಡಿರಲಿಲ್ಲ. ಅವರು ಬರೆದದ್ದೇ ಇಂಥ ಕಲಿಯುವವರಿಗಾಗಿ.

ಹೊಸ ಸಾಲು

ಫೂಟರ್ ಬರೆಯಲು ಕೂತಾಗ ಹಾಗಾಗಿ ಯೋಚನೆ ಬದಲಾಗಿತ್ತು. ಹೆದರಿಸುವ ಸಾಲು ಬೇಡ, ಕೇಳುವವರಿಗೆ ದಾರಿ ತೋರಿಸುವ ಸಾಲು ಬೇಕು.

ಹೆಸರು ಮೊದಲು. ಪಠ್ಯ ಲೇಖಕಿಯದು, ಚಿತ್ರ ಚಿತ್ರಕಾರರದು, ಎರಡೂ ಬೇರೆಬೇರೆಯಾಗಿ. ಫೂಟರಿನಲ್ಲಷ್ಟೇ ಅಲ್ಲ, ಪ್ರತಿ ಲೇಖನದ ಶೀರ್ಷಿಕೆಯ ಕೆಳಗೂ, ಪ್ರತಿ ಚಿತ್ರದ ಅಡಿಬರಹದಲ್ಲೂ. ಚಿತ್ರದ ಫೈಲಿನ ಒಳಗಿನ ಮಾಹಿತಿಯಲ್ಲೂ ಹೆಸರು ಸೇರಿಸಿದೆವು. ಬಹಳ ಕಡೆ ಅಪ್‌ಲೋಡ್ ಮಾಡುವಾಗ ಅದು ಅಳಿಸಿಹೋಗುತ್ತದೆ, ಆದರೂ ಮೂಲ ಫೈಲಿನಲ್ಲಿ ಇರಲಿ. ಚಿತ್ರಕಾರರು ಈಗ ಸಹಿಯನ್ನು ಮೂಲೆಯಲ್ಲಿ ಹಾಕುವುದಿಲ್ಲ, ಭಾಗಗಳ ನಡುವೆ, ಕತ್ತರಿಸಲು ಬಾರದ ಜಾಗದಲ್ಲಿ ಹಾಕುತ್ತಾರೆ.

ಇಸವಿಯ ಬಗ್ಗೆ ಒಂದು ಮಾತು. ಪ್ರತಿ ಜನವರಿಗೆ ತಾನೇ ಬದಲಾಗುವ ಇಸವಿಯನ್ನು ಫೂಟರಿಗೆ ಹಾಕುವ ರೂಢಿ ಇದೆ. ನನಗೆ ಅದು ಇಷ್ಟವಿಲ್ಲ. ನೋಟಿಸಿನ ಇಸವಿ ಮೊದಲು ಪ್ರಕಟವಾದ ವರ್ಷ ಹೇಳಬೇಕು. ಹಳೆಯ ಪುಟದ ಮೇಲೆ ಈ ವರ್ಷದ ಇಸವಿ ಇದ್ದರೆ ಅದು ಹೊಸದು ಅಂತಾಗುತ್ತದೆ, ಯಾರು ಮೊದಲು ಬರೆದರು ಎಂಬ ಜಗಳದಲ್ಲಿ ನಮಗೇ ತಿರುಗಿ ಬೀಳಬಹುದು. ನೋಟಿಸ್ ಕಡ್ಡಾಯವಾಗಿದ್ದ ಕಾಲದಲ್ಲಿ ಅಮೆರಿಕದ 1976ರ ಕಾಯಿದೆ, ನಿಜವಾದ ವರ್ಷಕ್ಕಿಂತ ಒಂದು ವರ್ಷಕ್ಕೂ ಹೆಚ್ಚು ಮುಂದಿನ ಇಸವಿ ಹಾಕಿದರೆ ನೋಟಿಸೇ ಇಲ್ಲ ಎಂದು ಲೆಕ್ಕ ಹಾಕುತ್ತಿತ್ತು. ಈಗ ಆ ಶಿಕ್ಷೆ ಇಲ್ಲ, ಆದರೆ ಸರಿಯಾದ ಇಸವಿ ಹಾಕಲು ಏನು ಕಷ್ಟ? ಪ್ರತಿ ಪುಟಕ್ಕೂ ಪ್ರಕಟವಾದ ದಿನ, ತಿದ್ದಿದ ದಿನ ಎರಡನ್ನೂ ಹಾಕಿದೆವು.

ಲೈಸೆನ್ಸಿನ ಬಗ್ಗೆ ಚರ್ಚೆ ದೊಡ್ಡದಾಯಿತು. ಲೇಖಕಿ ಪಠ್ಯಕ್ಕೆ ಕ್ರಿಯೇಟಿವ್ ಕಾಮನ್ಸ್ ಎಂಬ ಸಿದ್ಧ ಲೈಸೆನ್ಸುಗಳಲ್ಲಿ ಸಿಸಿ ಬೈ 4.0 ಆರಿಸಿದರು. ಹೆಸರು ಹೇಳಿ, ಬದಲಿಸಿದ್ದರೆ ಬದಲಿಸಿದ್ದೇವೆ ಎಂದು ಹೇಳಿ, ಮೂಲಕ್ಕೆ ಲಿಂಕ್ ಕೊಟ್ಟು ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ. ನಕಲು ಮಾಡಿದವರಿಗೇ ಬಾಗಿಲು ತೆರೆದ ಹಾಗಾಗುವುದಿಲ್ಲವಾ ಎಂದು ನಾನೇ ಕೇಳಿದೆ. ಅವರು ಹೇಳಿದ್ದು: "ಲಿಂಕ್ ಇದ್ದರೆ ಸಾಕು. ನಾನು ಏನಾದರೂ ತಿದ್ದಿದರೆ ಓದುವವರಿಗೆ ಅದನ್ನು ಹುಡುಕಿಕೊಂಡು ಬರಲು ದಾರಿ ಇರುತ್ತದೆ." ಚಿತ್ರಕಾರರು ಒಪ್ಪಲಿಲ್ಲ. ಈ ಲೈಸೆನ್ಸ್ ಒಮ್ಮೆ ಕೊಟ್ಟರೆ ವಾಪಸ್ ಪಡೆಯಲು ಬರುವುದಿಲ್ಲ, ಅದು ಅವರಿಗೆ ಬೇಡ. ಅವರ ಚಿತ್ರಗಳಿಗೆ ಹಕ್ಕು ಪೂರ್ತಿ ಕಾಯ್ದಿರಿಸಿದೆ, ಕಲಿಸಲು ಬೇಕಾದವರು ಈ ವಿಳಾಸಕ್ಕೆ ಬರೆಯಿರಿ ಎಂದು ಪಕ್ಕದಲ್ಲೇ ಇದೆ. ಇಬ್ಬರ ನಿಲುವೂ ಸರಿ. ಒಂದೇ ಸೈಟಿನಲ್ಲಿ ಎರಡು ಷರತ್ತು ಇರಬಾರದು ಅಂತೇನಿಲ್ಲ, ಯಾವುದು ಯಾವುದಕ್ಕೆ ಅಂತ ಸ್ಪಷ್ಟವಾಗಿ ಬರೆದರಾಯಿತು.

ರೈಟ್ ಕ್ಲಿಕ್ ಆಗದ ಹಾಗೆ ಮಾಡುವ ಸ್ಕ್ರಿಪ್ಟ್ ಒಂದನ್ನೂ ಸ್ವಲ್ಪ ದಿನ ಹಾಕಿ ನೋಡಿದೆವು. ಪುಟದ ಒಂದು ಭಾಗ ಆರಿಸಿ ಪ್ರಿಂಟ್ ತೆಗೆದುಕೊಂಡು ಯಂತ್ರದ ಪಕ್ಕ ಇಟ್ಟುಕೊಳ್ಳುತ್ತಿದ್ದ ಓದುಗರಿಗೆ ತೊಂದರೆಯಾಯಿತು, ನಕಲು ಮಾಡುವ ಪ್ರೋಗ್ರಾಮುಗಳಿಗೆ ಏನೂ ಆಗಲಿಲ್ಲ. ತೆಗೆದೆವು.

ಸ್ವಯಂಸೇವಕರ ಗುಂಪಿನ ಅನುವಾದ ಈಗ ಬಳಕೆಯಲ್ಲಿದೆ. ಚಿತ್ರಗಳಿಗೆ ಚಿತ್ರಕಾರರು ಬೇರೆ ಅನುಮತಿ ಪತ್ರ ಬರೆದುಕೊಟ್ಟರು, ಭಾಗಗಳ ಹೆಸರನ್ನು ಹೊಸ ಭಾಷೆಯಲ್ಲಿ ತಾವೇ ಬರೆದು ಕಳಿಸಿದರು.

ಹೆಸರುಗಳನ್ನು ಹೀಗೆ ಒಂದೊಂದಾಗಿ ಹಾಕುತ್ತಾ ಹೋದಾಗ ಇನ್ನೊಂದು ಗಂಟು ಕಂಡಿತು. ಕೆಲವು ಪುಟಗಳ ಕೊನೆಯಲ್ಲಿ ಓದುಗರು ಕಳಿಸಿದ ಸಲಹೆಗಳಿವೆ, ಕೆಲವು ಉದ್ದುದ್ದ, ಬಹಳ ಚೆನ್ನಾಗಿ ಬರೆದವು. ಅವು ಬರೆದವರದ್ದು, ಲೇಖಕಿ ಅವಕ್ಕೆ ಲೈಸೆನ್ಸ್ ಕೊಡುವ ಹಾಗಿಲ್ಲ. ವಿಳಾಸ ಇದ್ದವರಿಗೆ ಬರೆದು ಒಪ್ಪಿಗೆ ಕೇಳಿದರು. ವಿಳಾಸ ಇಲ್ಲದವರ ಸಲಹೆಗಳಲ್ಲಿದ್ದ ವಿಧಾನವನ್ನು ಮಾತ್ರ ಇಟ್ಟುಕೊಂಡು ತಮ್ಮ ಮಾತಿನಲ್ಲಿ ಹೊಸದಾಗಿ ಬರೆಯುತ್ತಿದ್ದಾರೆ, ಆ ಕೆಲಸ ಇನ್ನೂ ಮುಗಿದಿಲ್ಲ. ಸಲಹೆ ಕಳಿಸುವ ಫಾರ್ಮಿನಲ್ಲಿ ಈಗ ಎರಡು ಪ್ರಶ್ನೆ ಜಾಸ್ತಿ ಇವೆ: ಇದನ್ನು ಪಠ್ಯದ ಲೈಸೆನ್ಸಿನಲ್ಲೇ ಪ್ರಕಟಿಸಬಹುದಾ, ನಿಮ್ಮ ಹೆಸರು ಹೇಗೆ ಬರಬೇಕು?